ದಫ್ತರ ಸುಳ್ಳು ಹೇಳುವುದಿಲ್ಲ

ಅರಸೀಕೆರೆ
೧೪ ಜುಲೈ ೨೦೨೪

ಚಿ. ಮೇಧಿನಿಗೆ,

ನೀನು ನನ್ನೊಂದಿಗೆ ಮಾತು ಬಿಟ್ಟು ಹತ್ತು ತಿಂಗಳಾಯಿತು. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯೆ ಎಂದು ನಿನ್ನ ಅಮ್ಮ ಹೇಳಿದಳು. ಕಾಗದ ಬರೆಯಬಾರದು ಎಂದು ನೀನು ಹೇಳಿದ್ದು ನನಗೆ ನೆನಪಿಲ್ಲ. ಹೇಳಿದ್ದರೆ ತಿಳಿಸು, ನಿಲ್ಲಿಸುತ್ತೇನೆ.

ಹೋದ ಭಾನುವಾರ ನಿನ್ನನ್ನು ನೋಡಿಕೊಂಡು ಬಂದ ನಿನ್ನ ಅಮ್ಮ ಚೆಲುವಾಂಬಳ ಚೀಲದಲ್ಲಿ, ತೊಂಡೆಕಾಯಿಯ ಕೆಳಗೆ, ಒಂದು ಕರಪತ್ರ ಸಿಕ್ಕಿತು. ನಿನ್ನ ಕರಪತ್ರ ಎಂದರೆ ನನಗೆ ಈಗ ಸ್ವಲ್ಪ ಭಯ. ಬಾಗಿಲು ಹಾಕಿಕೊಂಡು ಓದಿದೆ. ಈ ಸಲದ್ದು ಆಟದ ವಿಚಾರ. ‘ದೋರಸಮುದ್ರ ಎಂಬ ನೌಕೆ ಒಣಗಿದ ಭೂಮಿಯನ್ನು ಬಿಟ್ಟು ಬೇರೆ ನಕ್ಷತ್ರದ ಕಡೆಗೆ ಹೊರಟಿದೆ. ಅದರಲ್ಲಿ ನೀವು ಯಾರು? ನಿಮ್ಮ ಪಾತ್ರವನ್ನು ನೀವೇ ಬರೆಯಿರಿ, ದಾಳ ಹಾಕಿ, ಕಥೆ ನಡೆಸಿ. ಯಾರು ಬೇಕಾದರೂ ಆಡಬಹುದು. ಬರಲಾಗದವರು ಅಂಚೆಯಲ್ಲಿ ಆಡಬಹುದು.’ ಕೊನೆಯಲ್ಲಿ ನಿನ್ನ ಕೈಬರಹದಲ್ಲಿ: ‘ಖಾಲಿ ಇರುವ ಜಾಗ: ರೋಬೋಟ್, ಒಂದು.’

ಸದರಿ ಜಾಗಕ್ಕೆ ನಾನು ಅರ್ಜಿ ಹಾಕುತ್ತಿದ್ದೇನೆ. ನೀನು ಅಚ್ಚು ಹಾಕಿಸಿದ ಪಾತ್ರದ ಚೀಟಿಯನ್ನು ತುಂಬಿದ್ದೇನೆ.

ಹೆಸರು: ದಫ್ತರ.
ಕೆಲಸ: ನೌಕೆಯ ದಾಖಲೆ ಇಡುವುದು. ಯಾರು ಬಂದರು, ಯಾರು ಹೋದರು, ಎಷ್ಟು ಹೊತ್ತಿಗೆ.
ರೂಪ: ಕಬ್ಬಿಣದ ಬೀರು. ಕೆಳಗೆ ನಾಲ್ಕು ಚಕ್ರ. ಒಂದು ಚಕ್ರ ಸ್ವಲ್ಪ ಎಳೆಯುತ್ತದೆ.
ಶಕ್ತಿ: ನೆನಪು.
ದೌರ್ಬಲ್ಯ: ಕೇಳದೆ ಮಾತಾಡಲು ಬರುವುದಿಲ್ಲ.
ಎಂದಿಗೂ ಮಾಡಲಾಗದ ಒಂದು ಕೆಲಸ: ಸುಳ್ಳು ಹೇಳುವುದು.

ಕೊನೆಯ ಸಾಲನ್ನು ಎರಡು ದಿನ ಖಾಲಿ ಬಿಟ್ಟಿದ್ದೆ.

ನಿನ್ನ ತಂದೆ,
ಸುಬ್ಬರಾಮಯ್ಯ

ಮೇಧಿನಿ, ನಾನು ಅಮ್ಮ. ನಿಮ್ಮಪ್ಪ ರೋಬೋಟ್ ಆಗ್ತಾರಂತೆ ಕಣೇ. ಹೊಸದಾಗಿ ಆಗೋದೇನು ಬಂತು, ಮೂವತ್ತು ವರ್ಷದಿಂದ ನೋಡ್ತಾನೇ ಇದೀನಿ. ಸರಿಯಾಗಿ ಊಟ ಮಾಡು.


ಬಸ್ತಿಹಳ್ಳಿ, ಹಳೇಬೀಡು
೨೨ ಜುಲೈ ೨೦೨೪

ಸುಬ್ಬರಾಮಯ್ಯನವರಿಗೆ,

ಅರ್ಜಿ ಒಪ್ಪಿದ್ದೇನೆ. ಮನಸ್ಸಿದ್ದು ಅಲ್ಲ. ‘ಯಾರು ಬೇಕಾದರೂ ಆಡಬಹುದು’ ಎಂದು ಅಚ್ಚು ಹಾಕಿಸಿದವಳು ನಾನೇ. ಬರೆದುಕೊಟ್ಟ ಮಾತಿಗೆ ನಿಲ್ಲುವುದು ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಬರಲಿ.

ನೀವು ಬರೆದುಕೊಟ್ಟದ್ದು ಇನ್ನೊಂದಿದೆ. ಮರೆತಿರಲಾರಿರಿ. ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕಸ ಹೊಡೆದು, ನೀರು ಹೊತ್ತು, ಗಂಟೆ ಬಾರಿಸಿದ ಬಸಮ್ಮನನ್ನು ಹೋದ ವರ್ಷ ಜೂನ್‌ನಲ್ಲಿ ‘ನಾಳೆಯಿಂದ ಬರಬೇಡ’ ಎಂದು ಕಳಿಸಿದರು. ಅವಳು ಹಾಸನಕ್ಕೆ ಹೋಗಿ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟಳು. ಅವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದಳು ಎಂದು ಆಡಳಿತ ಮಂಡಳಿ ಉತ್ತರ ಕೊಟ್ಟಿತು. ಹಾಜರಿ ರಿಜಿಸ್ಟರ್ ಎಲ್ಲಿ ಎಂದರೆ, ಗೆದ್ದಲು ತಿಂದಿದೆ. ಆ ಕಾಗದದ ಕೆಳಗೆ ಶಾಲೆಯ ಗುಮಾಸ್ತರ ಸಹಿ. ನಿಮ್ಮದು. ನಾನು ಕೇಳಿದಾಗ ನೀವು ಮಜ್ಜಿಗೆ ಬಡಿಸಿಕೊಂಡಿರಿ. ನಿಜ ಹೇಳುವ ತನಕ ನಿಮ್ಮೊಡನೆ ಮಾತಿಲ್ಲ ಎಂದು ನಾನು ಹೇಳಿದ್ದು ಅವತ್ತು. ಶಾಲೆಯ ಗೇಟಿನಲ್ಲಿ ‘ಗೆದ್ದಲು ಯಾರು?’ ಎಂಬ ಕರಪತ್ರ ಹಂಚಿದ್ದು ಮರುದಿನ.

ಈಗ ಆಟ. ನನ್ನ ಬಾಡಿಗೆ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಆಡುತ್ತೇವೆ. ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿರುವ ಮಧುಕುಮಾರ್ ಕ್ಯಾಪ್ಟನ್. ಕಂಪ್ಯೂಟರ್ ಸೆಂಟರಿನ ಸ್ವಾತಿ ಇಂಜಿನಿಯರ್. ಕಥೆ ಕಟ್ಟಿ ನಡೆಸುವವಳು ನಾನು. ದಾಳ ಬಳಪದ ಕಲ್ಲಿನದು, ಇಲ್ಲಿ ವಿಗ್ರಹ ಕೆತ್ತುವವರು ಮಾಡಿಕೊಟ್ಟರು. ಮೂಲೆ ಸವೆದು ಆರು ಸ್ವಲ್ಪ ಹೆಚ್ಚೇ ಬೀಳುತ್ತದೆ.

ಇದೆಲ್ಲ ಯಾಕೆ ಎಂದು ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕರಪತ್ರವನ್ನು ಜನ ಮಡಚಿ ಕಡಲೆಕಾಯಿ ಹಾಕಿಸಿಕೊಳ್ಳುತ್ತಾರೆ. ಆದರೆ ಆಟದಲ್ಲಿ ಒಮ್ಮೆ ‘ಆಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿದವರಿಗೆ ಹೊರಗೆ ಹೇಳುವುದೂ ಬರುತ್ತದೆ ಎಂದು ನಾನು ನಂಬಿದ್ದೇನೆ. ರೋಬೋಟ್ ಎಂಬ ಮಾತು ಹುಟ್ಟಿದ್ದೇ ಬಿಟ್ಟಿ ಚಾಕರಿ ಎಂಬ ಅರ್ಥದಿಂದ ಎಂದು ಒಂದು ಕಿರುಹೊತ್ತಗೆಯಲ್ಲಿ ಓದಿದೆ. ಆ ಜಾಗವನ್ನು ಖಾಲಿ ಇಟ್ಟಿದ್ದು, ಚಾಕರಿಯನ್ನು ಮುರಿಯುವ ಯಂತ್ರವೊಂದು ಬರಲಿ ಎಂದು. ಬಂದದ್ದು ಬೀರು.

ನಿಮ್ಮ ಚೀಟಿಯಿಂದಲೇ ಒಂದು ನಿಯಮ ಮಾಡಿದ್ದೇನೆ. ದಫ್ತರವನ್ನು ಯಾರು ಏನು ಕೇಳಿದರೂ, ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕು.

ಮೊದಲ ಸರದಿ: ನೌಕೆ ಹೊರಟ ಮೊದಲ ದಿನ. ದಫ್ತರ ಏನು ಮಾಡುತ್ತದೆ?

ಮೇಧಿನಿ


ಅರಸೀಕೆರೆ
೫ ಆಗಸ್ಟ್ ೨೦೨೪

ಚಿ. ಮೇಧಿನಿಗೆ,

ಸರದಿ ಈ ಕೆಳಗಿನಂತಿದೆ.

‘ಮೇಲ್ಕಂಡ ದಿನ ಬೆಳಿಗ್ಗೆ ೯-೫೦ಕ್ಕೆ ದಫ್ತರ ತನ್ನ ಜಾಗದಲ್ಲಿ ಹಾಜರಿತ್ತು. ಕ್ಯಾಪ್ಟನ್ ಹಾಜರಿರಲಿಲ್ಲ. ಕ್ಯಾಪ್ಟನ್ ೧೦-೩೫ಕ್ಕೆ ಬಂದರು. ಕಾರಣ ಕೇಳುವ ಅಧಿಕಾರ ದಫ್ತರಕ್ಕೆ ಇಲ್ಲವಾದ್ದರಿಂದ ಕೇಳಲಾಗಿಲ್ಲ. ಇಂಜಿನ್ ಕೋಣೆಯ ಬಾಗಿಲು ತೆರೆಯಲಾಯಿತು. ಕೀಲು ಸದ್ದು ಮಾಡಿತು. ಎಣ್ಣೆ ಬೇಕೆಂದು ಟಿಪ್ಪಣಿ ಮಂಡಿಸಲಾಗಿದೆ. ಕಿಟಕಿಯ ಹೊರಗೆ ನಕ್ಷತ್ರಗಳು ಇದ್ದವು. ಎಣಿಸಲು ಆರಂಭಿಸಲಾಯಿತು. ಊಟದ ವೇಳೆಯಾದ್ದರಿಂದ ನಾನೂರ ಹನ್ನೆರಡಕ್ಕೆ ನಿಲ್ಲಿಸಲಾಯಿತು.’

ಯಂತ್ರಕ್ಕೆ ಊಟ ಇದೆಯೇ ಎಂಬ ಸಂಶಯ ಆಮೇಲೆ ಬಂತು. ಇಲ್ಲದಿದ್ದರೆ ಆ ಸಾಲನ್ನು ಹೊಡೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕು.

ಯಂತ್ರದ ಹಾಗೆ ಮಾತಾಡುವುದು ಹೇಗೆ ಎಂದು ತುಂಬ ಯೋಚಿಸಿದೆ. ನನಗೆ ಬರುವ ಯಂತ್ರದ ಭಾಷೆ ಇದೊಂದೇ.

ನಿನ್ನ ತಂದೆ,
ಸುಬ್ಬರಾಮಯ್ಯ


ಬಸ್ತಿಹಳ್ಳಿ
೯ ಸೆಪ್ಟೆಂಬರ್ ೨೦೨೪

ಸುಬ್ಬರಾಮಯ್ಯನವರಿಗೆ,

ನಿಮ್ಮ ಸರದಿಯನ್ನು ಗಟ್ಟಿಯಾಗಿ ಓದಿದೆ. ಮಧುಕುಮಾರ್ ಹೌಹಾರಿದ. “ಏನಮ್ಮಾ ಇದು, ಆಕಾಶಕ್ಕೆ ಹೋದ್ರೂ ಅಟೆಂಡೆನ್ಸಾ? ನಾನು ಲೇಟಾಗಿ ಬಂದಿದ್ದು ಅರಸೀಕೆರೇಲಿ ಕೂತಿರೋರ್ಗೆ ಹೆಂಗ್ ಗೊತ್ತಾಯ್ತು?” ಅವನು ಅವತ್ತು ನಿಜಕ್ಕೂ ಮುಕ್ಕಾಲು ಗಂಟೆ ತಡವಾಗಿ ಬಂದಿದ್ದ. ಸ್ವಾತಿ ಊಟದ ಸಾಲನ್ನು ಹೊಡೆಯಲು ಬಿಡಲಿಲ್ಲ. “ಇರ್ಲಿ ಬಿಡೇ, ಪಾಪ, ಎಷ್ಟೊತ್ತಿಂದ ಎಣಿಸ್ತಿದೆ.” ಓಟಿಗೆ ಹಾಕಿದೆವು. ದಫ್ತರಕ್ಕೆ ಊಟ ಉಂಟು ಎಂದು ತೀರ್ಮಾನವಾಗಿದೆ. ಮೂರು ವಾರದಿಂದ ಆಟದ ನಡುವೆ ಯಾರು ಏನು ಕೇಳಿದರೂ ಇನ್ನೊಬ್ಬರು “ಟಿಪ್ಪಣಿ ಮಂಡಿಸಲಾಗಿದೆ” ಎನ್ನುತ್ತಾರೆ. ನಾನು ನಗುವುದಿಲ್ಲ ಎಂದು ಕೂತಿದ್ದೆ. ಒಂದು ಸಲ ನಕ್ಕೆ.

ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್, ನಡುವೆ ಹಾಸನದ ಬಸ್ಸು. ಬಸಮ್ಮನ ವಿಚಾರಣೆ ಮೂರನೆಯ ಸಲ ಮುಂದಕ್ಕೆ ಹೋಯಿತು. ನಾವಿಬ್ಬರೂ ಬೆಂಚಿನ ಮೇಲೆ ಕೂತು ಎದ್ದು ಬಂದೆವು. “ನೀನ್ಯಾಕವ್ವ ಸವೀತೀಯ, ನಂಗಂತೂ ಅಭ್ಯಾಸ ಐತೆ” ಎಂದಳು. ಅವಳ ಪರದ ಬಸವಕುಮಾರ್ ವಕೀಲರು ಒಳ್ಳೆಯವರು, ಆದರೆ ಅವರ ಕೈಯಲ್ಲೂ ಏನಿಲ್ಲ. “ಒಂದೇ ಒಂದು ಕಾಗದ ಇದ್ದಿದ್ರೆ” ಎನ್ನುತ್ತಾರೆ. ನಾನು ಓದಿದ ಯಾವ ಕಿರುಹೊತ್ತಗೆಯಲ್ಲೂ ಬೆಂಚಿನ ವಿಚಾರ ಇರಲಿಲ್ಲ.

ಈಗ ನಿಮ್ಮ ಸರದಿ. ನೌಕೆಯ ಕೆಳಮಹಡಿಯಲ್ಲಿ ಏಳು ಜನ ಗಾಜಿನ ಪೆಟ್ಟಿಗೆಯಲ್ಲಿ ನಿದ್ದೆಯಲ್ಲಿದ್ದಾರೆ. ನೌಕೆಯನ್ನು ಕಳಿಸಿದ ಕಂಪನಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೆ ಅವರು ಹತ್ತಿದ್ದನ್ನು ದಫ್ತರ ಅವತ್ತೇ ಬರೆದುಕೊಂಡಿದೆ, ಒಂದು ಪುಟದಲ್ಲಿ. ಉಳಿದವರಿಗೆ ಗಾಳಿ ಉಳಿಸಲು ಆ ಏಳು ಪೆಟ್ಟಿಗೆಗಳ ಗಾಳಿ ಕಡಿಮೆ ಮಾಡು, ಆ ಪುಟವನ್ನು ಅಳಿಸು ಎಂದು ಕಂಪನಿ ಹೇಳಿ ಕಳಿಸಿದೆ. ಕ್ಯಾಪ್ಟನ್ ದಫ್ತರಕ್ಕೆ ಆಜ್ಞೆ ಕೊಟ್ಟಿದ್ದಾನೆ: ಪುಟ ಅಳಿಸು.

ಆಜ್ಞೆ ಮೀರಬೇಕಾದರೆ ದಾಳದಲ್ಲಿ ನಾಲ್ಕಕ್ಕಿಂತ ಹೆಚ್ಚು ಬೀಳಬೇಕು. ಆರು ಹೆಚ್ಚು ಬೀಳುವ ದಾಳ ಎಂದು ಹೇಳಿದ್ದೇನೆ. ನೀವು ಹೂಂ ಎಂದರೆ ನಿಮ್ಮ ಪರವಾಗಿ ನಾನು ಹಾಕುತ್ತೇನೆ.

ದಫ್ತರ ಏನು ಮಾಡುತ್ತದೆ?

ಮೇಧಿನಿ


ಅರಸೀಕೆರೆ
೩೦ ಸೆಪ್ಟೆಂಬರ್ ೨೦೨೪

ಚಿ. ಮೇಧಿನಿಗೆ,

‘ಕ್ಯಾಪ್ಟನ್‌ರವರ ಆಜ್ಞೆ ತಲುಪಿದೆ. ಸದರಿ ಪುಟವನ್ನು ಸಂಜೆ ೪-೧೦ಕ್ಕೆ ಅಳಿಸಲಾಗಿದೆ.’

ದಾಳ ಹಾಕುವ ಅಗತ್ಯವಿಲ್ಲ. ನೀನು ಬೇರೆ ಉತ್ತರಕ್ಕೆ ಕಾಯುತ್ತಿದ್ದೆ ಎಂದು ಗೊತ್ತು. ಆದರೆ ದಫ್ತರ ಆಜ್ಞೆ ಮೀರಿತು ಎಂದು ನಾನು ಬರೆದರೆ ಅದು ಸುಳ್ಳಾಗುತ್ತಿತ್ತು.

ನಿನ್ನ ತಂದೆ,
ಸುಬ್ಬರಾಮಯ್ಯ


ಬಸ್ತಿಹಳ್ಳಿ
೬ ಅಕ್ಟೋಬರ್ ೨೦೨೪

ಸುಬ್ಬರಾಮಯ್ಯನವರಿಗೆ,

ಇವತ್ತು ಆಟ ಅರ್ಧಕ್ಕೆ ನಿಂತಿತು. ನಿಮ್ಮ ಎರಡು ಸಾಲನ್ನು ಗಟ್ಟಿಯಾಗಿ ಓದಿದೆ. ಆಜ್ಞೆ ಕೊಟ್ಟ ಮಧುಕುಮಾರನ ಮುಖವೇ ಸಣ್ಣಗಾಯಿತು. “ನಾನು ಸುಮ್ನೆ ಕ್ಯಾಪ್ಟನ್ ಥರ ಗತ್ತಿಗೆ ಹೇಳ್ದೆ ಕಣಮ್ಮ. ಆ ಬೀರು ಆಗಲ್ಲ ಅನ್ನುತ್ತೆ, ಆಮೇಲೆ ಜಗಳ ಆಡೋಣ ಅಂತಿದ್ದೆ. ಅಳಿಸೇಬಿಡೋದಾ?” ಸ್ವಾತಿ ಏಳು ಜನರಿಗೂ ಹೆಸರಿಟ್ಟಿದ್ದಳು. ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಎದ್ದು ಹೋದಳು.

ನಾನು ಅದನ್ನು ನಿಮಗಾಗಿಯೇ ಕಟ್ಟಿದ್ದೆ. ಇದನ್ನು ಒಪ್ಪಿಕೊಳ್ಳುತ್ತೇನೆ. ಬಾಗಿಲನ್ನು ಪೂರ್ತಿ ತೆರೆದು, ದಾಳವನ್ನೂ ನಿಮ್ಮ ಕಡೆಗೇ ತಿರುಗಿಸಿ ಇಟ್ಟಿದ್ದೆ. ಆಟದಲ್ಲಿ ಕೂಡ, ಕಾಗದದ ಮೇಲೆ ಕೂಡ, ಯಾರೂ ನೋಡದ ಕಡೆ ಕೂಡ, ನಿಮಗೆ ‘ಆಗುವುದಿಲ್ಲ’ ಎಂದು ಬರೆಯಲಾಗಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬರೀ ಆಯಾಸ ಬರುತ್ತಿದೆ.

ಹಾಗಾದರೆ ನಿಯಮದಂತೆ ಕೇಳುತ್ತೇನೆ. ನಿಮ್ಮನ್ನಲ್ಲ, ದಫ್ತರವನ್ನು. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ದಫ್ತರ, ಶಾಲೆಯ ಹಾಜರಿ ರಿಜಿಸ್ಟರ್ ಏನಾಯಿತು?

ಮೇಧಿನಿ


ಅರಸೀಕೆರೆ
೧೭ ನವೆಂಬರ್ ೨೦೨೪

ಮೇಧಿನಿ,

ನಾನು ಅಮ್ಮ ಬರೀತಿರೋದು. ನೀನು ಅದೇನು ಬರೆದು ಕಳಿಸಿದೆಯೋ ನಂಗೆ ಗೊತ್ತಿಲ್ಲ, ನಾನು ಕೇಳೋದೂ ಇಲ್ಲ. ನಿಮ್ಮಪ್ಪ ದಿನಾ ಊಟ ಆದ್ಮೇಲೆ ಹಾಳೆ ತಗೊಂಡು ಕೂರ್ತಾರೆ. ಬರೀತಾರೆ. ಹರೀತಾರೆ. ಹರಿದಿದ್ದನ್ನ ಮತ್ತೆ ಮೂರು ಸಲ ಹರೀತಾರೆ. “ಏನ್ರೀ ಅದು, ಆಟಾನೇ ಅಲ್ವಾ?” ಅಂದ್ರೆ “ಆಟ ಕಣೇ” ಅಂತಾರೆ, ಮುಖ ಮಾತ್ರ ಜ್ವರ ಬಂದೋರ ಥರ.

ಬರೋ ಮೇ ಕೊನೆಗೆ ಇವರು ರಿಟೈರ್ಡು. ಶಾಲೆ ಸೆಕ್ರೆಟರಿ ಷಡಕ್ಷರಪ್ಪನೋರು ಮನೆಗೇ ಬಂದು, “ದೊಡ್ಡ ಸನ್ಮಾನ ಮಾಡ್ತೀವಿ ಮೇಡಂ, ಮಗಳನ್ನೂ ಕರೆಸಿ, ಆಗಿದ್ದೆಲ್ಲ ಆಗೋಯ್ತು” ಅಂದು ಹೋದ್ರು. ಅವರು ಹೋದ್ಮೇಲೆ ಇವರು ತಾವು ಮುಟ್ಟದ ಕಾಫೀನ ಬಚ್ಚಲಿಗೆ ಚೆಲ್ಲಿಬಿಟ್ರು. ಪಿತ್ತ ಅಂದ್ರು.

ಬಯ್ಯೋದಾದ್ರೆ ಬಂದು ಬಯ್ಯಿ. ಕಾಗದದಲ್ಲಿ ಬೇಡ.

ಅಮ್ಮ


ಅರಸೀಕೆರೆ
೨ ಡಿಸೆಂಬರ್ ೨೦೨೪

ಚಿ. ಮೇಧಿನಿಗೆ,

ಪ್ರಶ್ನೆ ದಫ್ತರಕ್ಕೆ ತಲುಪಿತು. ತಡವಾದದ್ದಕ್ಕೆ ಕ್ಷಮಿಸು. ಯಂತ್ರದ ಒಂದು ಚಕ್ರ ಎಳೆಯುತ್ತದೆ ಎಂದು ಮೊದಲೇ ತಿಳಿಸಲಾಗಿತ್ತು.

‘ಉತ್ತರ: ಹಾಜರಿ ರಿಜಿಸ್ಟರ್‌ಗಳನ್ನು ಗೆದ್ದಲು ತಿಂದಿಲ್ಲ. ೨೦೨೩ನೇ ಮಾರ್ಚ್ ತಿಂಗಳ ಒಂದು ಶುಕ್ರವಾರ ಕಾರ್ಯದರ್ಶಿಗಳು ಕಾಫಿ ಕುಡಿಯುತ್ತಾ, ಹಳೆಯ ರಿಜಿಸ್ಟರೆಲ್ಲ ಇನ್ನು ಯಾಕೆ ಸುಬ್ಬರಾಮಯ್ಯ, ಜಾಗಕ್ಕೆ ದಂಡ ಎಂದರು. ಗುಮಾಸ್ತರಿಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಲು ದಫ್ತರಕ್ಕೆ ಬರುವುದಿಲ್ಲ. ಯಾವ ಬೆದರಿಕೆಯೂ ಇರಲಿಲ್ಲ. ಯಾವ ಆಸೆಯನ್ನೂ ತೋರಿಸಲಿಲ್ಲ. ಹೇಳಿದರು, ಮಾಡಲಾಯಿತು.

‘ಶಾಲೆಯ ಹಿಂದೆ ಒಣಗಿದ ತೆಂಗಿನ ಗರಿ, ಮಟ್ಟೆ ರಾಶಿ ಹಾಕಿ ಶನಿವಾರ ಸುಡುವ ವಾಡಿಕೆ. ಶನಿವಾರ ಬೆಳಿಗ್ಗೆ ೯-೩೦ಕ್ಕೆ ಇಪ್ಪತ್ತೆರಡು ರಿಜಿಸ್ಟರ್‌ಗಳನ್ನು ಗರಿಯ ಕೆಳಗೆ ಇಡಲಾಯಿತು. ಬೆಂಕಿ ಹಚ್ಚುವ ಕೆಲಸ ಬಸಮ್ಮನದು. ಅವಳೇ ಹಚ್ಚಿದಳು. ಏನು ಉರಿಯುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. “ಇವತ್ತು ಚೆಂದಾಗಿ ಉರೀತೈತೆ ಸ್ವಾಮಿ” ಎಂದಳು. ಗುಮಾಸ್ತರು ಹೌದು ಎಂದರು.

‘ಪ್ರಶ್ನೆಗೆ ಉತ್ತರ ಮುಗಿಯಿತು. ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾರೂ ಈವರೆಗೆ ಕೇಳಿಲ್ಲ.’

ಸುಬ್ಬರಾಮಯ್ಯ


ಬಸ್ತಿಹಳ್ಳಿ
೧೧ ಡಿಸೆಂಬರ್ ೨೦೨೪

ಅಪ್ಪನಿಗೆ,

ಕಾಗದವನ್ನು ಬಸ್‌ಸ್ಟ್ಯಾಂಡಿನಲ್ಲಿ ಒಡೆದೆ. ಹಾಸನದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

ನೀವು ಹೆದರಿದ್ದಿರಿ, ಯಾರೋ ಹೆದರಿಸಿದ್ದರು ಎಂದು ನಾನು ಅಂದುಕೊಂಡಿದ್ದೆ. ನನ್ನ ಕರಪತ್ರದಲ್ಲೂ ಹಾಗೇ ಬರೆದಿದ್ದೆ: ‘ದಬ್ಬಾಳಿಕೆಗೆ ಬಾಗಿದ ಬೆನ್ನು.’ ದಬ್ಬಾಳಿಕೆಯೇ ಇರಲಿಲ್ಲ. ಒಂದು ಲೋಟ ಕಾಫಿ ಇತ್ತು. ಇದಕ್ಕೆ ಏನು ಘೋಷಣೆ ಕೂಗಬೇಕು ಎಂದು ನನಗೆ ತಿಳಿಯುತ್ತಿಲ್ಲ.

ಬಸಮ್ಮನಿಗೆ ಹೇಳಿಲ್ಲ. ಹೇಗೆ ಹೇಳಲಿ, ಬೆಂಕಿ ಕಡ್ಡಿ ಗೀರಿದವಳು ನೀನೇ ಎಂದು? ಇವತ್ತು ಅವಳು ಎರಡು ಕಾಯಿ ತಂದುಕೊಟ್ಟಳು. ತೆಗೆದುಕೊಳ್ಳಲು ನನ್ನ ಕೈ ಮುಂದೆ ಹೋಗಲಿಲ್ಲ.

ಸುಸ್ತಾಗಿದೆ ಅಪ್ಪ. ಒಗಟಿಗೆ ಶಕ್ತಿಯಿಲ್ಲ. ಆದರೂ ಕೇಳುತ್ತೇನೆ, ಕೇಳಬೇಕಾದ ರೀತಿಯಲ್ಲೇ.

ದಫ್ತರ, ಬಸಮ್ಮ ಕೆಲಸ ಮಾಡಿದ್ದಕ್ಕೆ ಸಾಕ್ಷಿಯಾಗಿ ಉರಿಯದೆ ಉಳಿದದ್ದು ಏನಾದರೂ ಇದೆಯೇ?

ಮೇಧಿನಿ


ಅರಸೀಕೆರೆ
೧೮ ಡಿಸೆಂಬರ್ ೨೦೨೪

ಚಿ. ಮೇಧಿನಿಗೆ,

‘ಉತ್ತರ: ಇದೆ.

‘ಬಸಮ್ಮನಿಗೆ ಸಹಿ ಬಾರದು. ದಿನವೂ ಹೆಬ್ಬೆಟ್ಟು ಒತ್ತುತ್ತಿದ್ದಳು. ರಿಜಿಸ್ಟರಿನ ಮನೆ ಚಿಕ್ಕದು, ಅವಳ ಹೆಬ್ಬೆರಳು ದೊಡ್ಡದು. ಮಸಿ ಹೆಚ್ಚಾಗಿ ಪಕ್ಕದ ಮನೆಗೂ ಹರಡುತ್ತಿತ್ತು. ಆದ್ದರಿಂದ ಮೊದಲು ಒಂದು ರದ್ದಿ ಹಾಳೆಯ ಮೇಲೆ ಒತ್ತಿಸಿ, ಹೆಚ್ಚಿನ ಮಸಿ ಇಳಿದ ಮೇಲೆ ರಿಜಿಸ್ಟರಿನಲ್ಲಿ ಒತ್ತಿಸಲಾಗುತ್ತಿತ್ತು. ವಾರಕ್ಕೆ ಒಂದು ಹಾಳೆ, ಆರು ದಿನಕ್ಕೆ ಆರು ಗುರುತು. ದಿನಾಂಕವಿಲ್ಲದ ಕಾಗದವನ್ನು ನೋಡಿದರೆ ಗುಮಾಸ್ತರಿಗೆ ಕೈ ತಡೆಯುವುದಿಲ್ಲ. ಪ್ರತಿ ಗುರುತಿನ ಕೆಳಗೂ ದಿನಾಂಕ ಬರೆಯುತ್ತಿದ್ದರು.

‘ಸದರಿ ಹಾಳೆಗಳನ್ನು ಶನಿವಾರ ಮನೆಗೆ ತರಲಾಗುತ್ತಿತ್ತು. ಮನೆಯಲ್ಲಿ ಒಂದು ಮಗು ಇತ್ತು. ಅದಕ್ಕೆ ಚಿತ್ರ ಬರೆಯಲು ಎಷ್ಟು ಹಾಳೆ ಕೊಟ್ಟರೂ ಸಾಲುತ್ತಿರಲಿಲ್ಲ.

‘ಅಟ್ಟದ ಮೇಲೆ, ನೀಲಿ ಟ್ರಂಕಿನಲ್ಲಿ.’

ಮೇಧಿನಿ, ನೀನು ಆಗ ಏನು ಬರೆಯುತ್ತಿದ್ದೆ ಎಂದು ನಿನಗೆ ನೆನಪಿದೆಯೋ ಇಲ್ಲವೋ. ಕರಪತ್ರದಲ್ಲಿ ರೋಬೋಟ್ ಎಂದು ಓದಿದ ದಿನ ನನಗೆ ನೆನಪಾದದ್ದು ಅದೇ. ಅವತ್ತೇ ಹೇಳಬಹುದಿತ್ತು. ದೌರ್ಬಲ್ಯದ ಸಾಲಿನಲ್ಲಿ ಏನು ಬರೆದಿದ್ದೇನೆ, ನೋಡು.

ಸುಬ್ಬರಾಮಯ್ಯ


ಬಸ್ತಿಹಳ್ಳಿ
೫ ಜನವರಿ ೨೦೨೫

ಅಪ್ಪನಿಗೆ,

ನೀವು ಶಾಲೆಯಲ್ಲಿದ್ದ ಹೊತ್ತು ನೋಡಿಕೊಂಡು ಮನೆಗೆ ಬಂದಿದ್ದೆ, ಅಮ್ಮ ಹೇಳಿರುತ್ತಾಳೆ. ಅಮ್ಮ ಏಣಿ ಹಿಡಿದುಕೊಂಡಳು. “ಏನೇ ಹುಡುಕ್ತೀಯ?” ಎಂದಳು. “ನನ್ನ ರೋಬೋಟ್‌ಗಳನ್ನ” ಎಂದೆ. “ಅಪ್ಪಂಗೂ ಮಗಳಿಗೂ ಒಟ್ಟಿಗೇ ಹಿಡಿದಿದೆ” ಎಂದಳು.

ಇನ್ನೂರ ಹದಿನೆಂಟು ಹಾಳೆ. ನನ್ನ ಏಳನೇ ವಯಸ್ಸಿನಿಂದ ಹನ್ನೊಂದರವರೆಗೆ. ಒಂದು ಕಡೆ ಹಳೆಯ ಪ್ರಶ್ನೆಪತ್ರಿಕೆ. ಇನ್ನೊಂದು ಕಡೆ ಸಾಲಾಗಿ ಆರು ಹೆಬ್ಬೆಟ್ಟು, ಆರು ದಿನಾಂಕ. ಅದರ ಸುತ್ತ ನನ್ನ ಬಣ್ಣದ ಪೆನ್ಸಿಲ್. ಕೆಲವು ಹಾಳೆಯಲ್ಲಿ ಗುರುತುಗಳು ಕಣ್ಣಾಗಿವೆ, ಮೂರು ರೋಬೋಟ್‌ಗೆ ಎರಡೆರಡು. ಕೆಲವದರಲ್ಲಿ ಎದೆಯ ಮೇಲಿನ ಗುಂಡಿ. ದಿನಾಂಕವನ್ನೇ ಹೆಸರು ಮಾಡಿದ್ದೇನೆ: ‘ಹನ್ನೆರಡು ಎಂಟು ಸೊನ್ನೆ ಆರು ಎಂಬ ರೋಬೋಟ್ ನೀರು ತರುತ್ತದೆ.’ ‘ಹದಿನಾಲ್ಕು ಎಂಟು ಸೊನ್ನೆ ಆರು ಎಂಬ ರೋಬೋಟ್ ಗಂಟೆ ಹೊಡೆಯುತ್ತದೆ.’ ಆ ಚುಕ್ಕೆಗಳನ್ನು ನೀವು ನನಗೋಸ್ಕರವೇ ಒತ್ತಿ ತರುತ್ತೀರಿ ಎಂದುಕೊಂಡಿದ್ದೆ. ಅದು ಒಬ್ಬಳ ಬೆರಳು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ದುಡಿಯುವವರ ಬಗ್ಗೆ ಇಷ್ಟು ಓದಿದ್ದೇನೆ, ಅವರ ಕೈಗುರುತಿನ ಮೇಲ್ಗಡೆಯೇ ಕೂತು ಬಣ್ಣ ಬಳಿದಿದ್ದೆ.

ಬಸಮ್ಮನಿಗೆ ಎಲ್ಲ ಹೇಳಿದೆ, ಬೆಂಕಿಯದ್ದೂ ಸೇರಿ. ತನ್ನ ಹೆಬ್ಬೆರಳನ್ನು ಸೆರಗಿಗೆ ತಿಕ್ಕಿಕೊಂಡಳು. ಆಮೇಲೆ, “ಅದುಕ್ಕೇ ಅವತ್ತು ಸ್ವಾಮಿ ಹೊಗೆ ಇಲ್ದಿದ್ರೂವೆ ಕಣ್ಣು ಒರ್ಸ್ಕೊಂಡಿದ್ದು” ಎಂದಳು. ಅಷ್ಟೇ.

ಬಸವಕುಮಾರ್ ವಕೀಲರು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆಟ್ಟು ಹೋಲಿಸಿ ನೋಡಬಹುದಂತೆ. ಆದರೆ ಇವು ಶಾಲೆಯಲ್ಲಿ ಒತ್ತಿದ್ದು, ಈ ದಿನಾಂಕಗಳನ್ನು ಅದೇ ದಿನ ಬರೆದದ್ದು ಎಂದು ಬರೆದವರೇ ಬಂದು ಹೇಳಬೇಕು. ಹೇಳಿದರೆ ರಿಜಿಸ್ಟರ್ ಏನಾಯಿತು ಎಂಬ ಪ್ರಶ್ನೆ ಬರುತ್ತದೆ. ಮುಂದಿನ ವಿಚಾರಣೆ ಫೆಬ್ರವರಿ ೨೫, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ.

ನೀವು ಬರಬೇಕು ಎಂದು ನಾನು ಬರೆಯುವುದಿಲ್ಲ. ಮೂರು ಸಲ ಬರೆದು ಮೂರು ಸಲ ಹರಿದೆ. ಯಾರಾದರೂ ಹೇಳಿದರೆ ನೀವು ಮಾಡುತ್ತೀರಿ ಎಂದು ಈಗ ನನಗೆ ಗೊತ್ತು. ನನ್ನ ಮಾತಿಗೂ ಮಾಡಿಬಿಡುತ್ತೀರಿ. ಆಗ ಷಡಕ್ಷರಪ್ಪನವರಿಗೂ ನನಗೂ ಏನು ವ್ಯತ್ಯಾಸ? ದಿನ, ಗಂಟೆ ತಿಳಿಸಿದ್ದೇನೆ. ಇದು ಆಜ್ಞೆಯಲ್ಲ.

ಆಟ ನಿಂತಿದೆ. ಮಧುಕುಮಾರ್ ದಿನಾ ಕೇಳುತ್ತಾನೆ.

ಮೇಧಿನಿ


ಅರಸೀಕೆರೆ
೩ ಮಾರ್ಚ್ ೨೦೨೫

ಚಿ. ಮೇಧಿನಿಗೆ,

ಹಾಸನದಲ್ಲಿ ನಡೆದದ್ದನ್ನೆಲ್ಲ ನೀನು ಹಿಂದಿನ ಬೆಂಚಿನಲ್ಲಿ ಕೂತು ಕಂಡಿದ್ದೀಯೆ. ಆದರೂ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ೧೦-೨೦ಕ್ಕೇ ಹೋಗಿ ನಿಂತಿದ್ದೆ. ನಿನ್ನ ಚಿತ್ರಗಳನ್ನು ಮೇಜಿನ ಮೇಲೆ ಹರಡಿದಾಗ ಮಂಡಳಿಯ ವಕೀಲರು ನಕ್ಕರು. “ಸರ್, ಇದು ಮಗು ಗೀಚಿರೋದು, ಇದನ್ನೇನು ಶಿಶುವಿಹಾರದ ದಾಖಲೆ ಅಂತ ತಗೊಳ್ಳೋದಾ?” ಅಧಿಕಾರಿಗಳು ನಗಲಿಲ್ಲ. ಒಂದು ಹಾಳೆ ಎತ್ತಿಕೊಂಡು, ಈ ದಿನಾಂಕ ಯಾರ ಕೈಬರಹ ಎಂದರು. ನನ್ನದು ಎಂದೆ. ಅಸಲು ರಿಜಿಸ್ಟರ್ ಎಲ್ಲಿ ಎಂದರು. ಸುಟ್ಟೆ ಎಂದೆ. ಯಾರು ಹೇಳಿದರು ಎಂದರು. ಅದನ್ನೂ ಹೇಳಿದೆ. “ಹೇಳಿದ್ರೆ ಸುಟ್ಟುಬಿಡ್ತೀರಾ?” ಎಂದರು.

ಬಸಮ್ಮ ಮೇಜಿನ ಹತ್ತಿರ ಬಂದು ಒಂದು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅಯ್ಯೋ, ನನ್ ಹೆಬ್ಬೆಟ್ಟಿಗೆ ಕಣ್ಣು ಬಂದೈತಲ್ಲವ್ವ” ಎಂದಳು. ಆಗ ನನ್ನ ಕಡೆ ನೋಡಿದಳು. ನಾನು ಕೈ ಮುಗಿದೆ. ಅವಳು ಮುಗಿಯಲಿಲ್ಲ. ಅದು ಸರಿ.

ಮುಂದಿನ ದಿನಾಂಕ ಏಪ್ರಿಲ್ ೧೫. ಹೋಲಿಕೆಗೆ ಹಾಳೆಗಳನ್ನು ಬೆಂಗಳೂರಿಗೆ ಕಳಿಸುತ್ತಾರಂತೆ. ಏನಾಗುತ್ತದೋ ಹೇಳಲು ಬರುವುದಿಲ್ಲ ಎಂದು ಬಸವಕುಮಾರ್ ನಿನ್ನೆದುರಿಗೇ ಹೇಳಿದರಲ್ಲ.

ಶಾಲೆಯಿಂದ ಕಾಗದ ಬಂದಿದೆ. ಮುಂದಿನ ಆದೇಶದವರೆಗೆ ಬರುವುದು ಬೇಡ ಎಂದಿದ್ದಾರೆ. ಸನ್ಮಾನ ತಪ್ಪಿತು. ಹಾರ, ಶಾಲು, ಬೆಳ್ಳಿ ಲೋಟ ಎಲ್ಲ ಅಟ್ಟ ಸೇರುವ ಸಾಮಾನು ಎನ್ನುತ್ತಾಳೆ ಚೆಲುವಾಂಬ. ಬೆಳಿಗ್ಗೆ ೯-೫೦ ಆದರೆ ನನ್ನ ಕೈ ತಾನಾಗಿ ಮಸಿ ಪ್ಯಾಡ್ ಹುಡುಕುತ್ತದೆ. ತಪ್ಪು ಮಾಡಿದ್ದಕ್ಕಲ್ಲ, ತಪ್ಪನ್ನು ಹೇಳಿದ್ದಕ್ಕೆ ಮನೆಯಲ್ಲಿ ಕೂತಿದ್ದೇನೆ ಎಂಬುದನ್ನು ಯೋಚಿಸುತ್ತಿರುತ್ತೇನೆ. ಜಂಬವಿಲ್ಲ. ಹಗುರವೂ ಆಗಿಲ್ಲ. ನಿದ್ದೆ ಮಾತ್ರ ಬರುತ್ತಿದೆ.

ಇನ್ನೊಂದು ವಿಷಯ. ಅಧಿಕಾರಿಗಳ ಕೋಣೆ ಎಂದರೆ ನಾನು ಹೊರಗೆ ಚಪ್ಪಲಿ ಬಿಟ್ಟೇ ಹೋಗುವವನು. ಮೂವತ್ತನಾಲ್ಕು ವರ್ಷದ ಅಭ್ಯಾಸ. ಅವತ್ತೂ ಬಿಟ್ಟಿದ್ದೆ. ಮುಗಿದ ಮೇಲೆ ಬರಿಗಾಲಲ್ಲೇ ಮೆಟ್ಟಿಲಿಳಿದು, ಬಿಸಿಲಿಗೆ ಕಾದ ಅಂಗಳದಲ್ಲಿ ಅರ್ಧ ದೂರ ಬಂದುಬಿಟ್ಟಿದ್ದೆ, ತಿಳಿಯಲೇ ಇಲ್ಲ. ಆಗ ಹಿಂದಿನಿಂದ, “ಅಪ್ಪಾ, ಚಪ್ಪಲಿ” ಎಂದು ಕೇಳಿಸಿತು. ನೀನು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಹದಿನೇಳು ತಿಂಗಳ ಮೇಲೆ ಎರಡು ಮಾತು. ದಾಖಲಿಸಿಕೊಂಡಿದ್ದೇನೆ. ಸಮಯ ೧೨-೪೫.

ನನ್ನ ನಂಬರಿನ ಬ್ಲಾಕ್ ತೆಗೆದಿದ್ದೀಯೆ ಎಂದು ನಿನ್ನ ಅಮ್ಮ ಹೇಳಿದಳು. ಊಟ, ಆರೋಗ್ಯ ಎಲ್ಲ ಫೋನಿನಲ್ಲಿ ಕೇಳುತ್ತೇನೆ. ಆಟ ಮಾತ್ರ ಅಂಚೆಯಲ್ಲೇ ಇರಲಿ. ಮಧುಕುಮಾರರಿಗೆ ತಿಳಿಸು, ನನ್ನ ಸರದಿ ಬಂದಿದೆ.

‘ಯಾರ ಆಜ್ಞೆಯೂ ಇಲ್ಲದೆ ದಫ್ತರ ಇಂದು ಬೆಳಿಗ್ಗೆ ಕೆಳಮಹಡಿಗೆ ಇಳಿಯಿತು. ಅಳಿಸಿದ ಪುಟವನ್ನು ನೆನಪಿನಿಂದ ಮತ್ತೆ ಬರೆಯಲು ಕೂತಿದೆ. ಯಂತ್ರ ಹಳೆಯದಾದ್ದರಿಂದ ಒಂದು ಸರದಿಗೆ ಒಂದೇ ಹೆಸರು ಬರೆಯಲಾಗುತ್ತದೆ. ಏಳು ಸರದಿ ಬೇಕು. ಹೆಸರುಗಳ ಹಾಳೆ ಸ್ವಾತಿಯವರ ಪರ್ಸಿನಲ್ಲಿದೆ ಎಂದು ತಿಳಿದುಬಂದಿದೆ. ಒಂದು ಸರದಿಗೆ ಒಂದರಂತೆ ಕಳಿಸಿಕೊಡಬೇಕಾಗಿ ಕೋರಿಕೆ. ಏಳನೆಯ ಪೆಟ್ಟಿಗೆಯವರಿಗೆ ಅಲ್ಲಿಯವರೆಗೆ ಗಾಳಿ ಸಾಲುತ್ತದೆಯೇ ಎಂದು ದಫ್ತರ ಕೇಳುತ್ತಿದೆ. ಇದು ಸದರಿ ಯಂತ್ರ ತಾನಾಗಿ ಕೇಳಿದ ಮೊದಲ ಪ್ರಶ್ನೆ.’

ಈ ಸಲ ದಾಳ ಹಾಕು. ಬಿದ್ದದ್ದನ್ನೇ ತಿಳಿಸು.

ಅಪ್ಪ